ಮೆಡಿಟರೇನಿಯನ್ ಸಮುದ್ರದ ನೌಕಾವಿಹಾರವೂ ದಡದ ಸಂಚಾರಗಳೂ



ದೂರದೇಶಗಳನ್ನು ಕಣ್ಣಾರೆ ನೋಡಿ ಬರಬೇಕೆಂಬ ಆಸೆಯು ನಮ್ಮ ನಗರವಾಸಿಗಳಲ್ಲಿ ಈಚೀಚೆಗೆ ಹೆಚ್ಚುತ್ತ ಬಂದಿದೆ. ಹೀಗೆ ಆಸೆಪಡುವವರಲ್ಲಿ ಹಲವರು, ಮುಖ್ಯವಾಗಿ ವಯಸ್ಸಾದ ತಂದೆತಾಯಿಗಳನ್ನು ಜೊತೆಯಲ್ಲಿ ಕರೆದುಕೊಂಡು ಹೋಗತಕ್ಕವರು, ಮೆಡಿಟರೇನಿಯನ್ ಸಮುದ್ರದ ನೌಕಾವಿಹಾರವನ್ನು ಆರಿಸಿಕೊಳ್ಳುತ್ತಾರೆ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಪೆಟ್ಟಿಗೆಯನ್ನು ಒಂದು ಸಲ ಬಿಚ್ಚಿದರೆ ಸಾಕು. ರಾತ್ರಿ ನಾವು ನಿದ್ರೆಮಾಡುತ್ತಿರುವಾಗಲೇ ಹಡಗು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗಿರುತ್ತದೆ. ಬೆಳಗಾಗುವ ವೇಳೆಗೆ ಕಿಟಕಿಯ ಹೊರಗೆ ಹೊಸ ಊರೊಂದು ಬಂದು ನಿಂತಿರುತ್ತದೆ. ಊಟ, ಹಾಸಿಗೆ, ವೈದ್ಯ ಎಲ್ಲವೂ ಒಂದೇ ಸೂರಿನ ಕೆಳಗೆ. ಇಷ್ಟೊಂದು ಸೌಕರ್ಯವಿರುವ ಪ್ರಯಾಣಕ್ಕೆ ನಾವು ಬೇರೆ ಯೋಜನೆ ಮಾಡಬೇಕಾದುದೇನಿದೆ ಎಂದು ನೀವು ಕೇಳಬಹುದು. ಈ ಹೊತ್ತು ನಾನು ಉತ್ತರ ಹೇಳಬೇಕೆಂದಿರುವುದು ಈ ಪ್ರಶ್ನೆಗೇ.

ಮೊದಲು ಸಮುದ್ರದ ವಿಷಯವಾಗಿ ಒಂದೆರಡು ಮಾತು. ಪಶ್ಚಿಮದಲ್ಲಿ ಜಿಬ್ರಾಲ್ಟರಿನ ಜಲಸಂಧಿಯು ಅದರ ಬಾಗಿಲು. ಅದರ ಅತ್ಯಂತ ಕಿರಿದಾದ ಭಾಗವು ಸುಮಾರು 14 ಕಿಲೋಮೀಟರ್ ಮಾತ್ರ ಅಗಲವಾಗಿದೆ. ಅಲ್ಲಿಂದ ಪೂರ್ವದ ಸಿರಿಯಾ, ಲೆಬನಾನ್ ತೀರಗಳವರೆಗೆ ಹಬ್ಬಿರುವ ಈ ಸಮುದ್ರದ ವಿಸ್ತೀರ್ಣವು ಸುಮಾರು 25 ಲಕ್ಷ ಚದರ ಕಿಲೋಮೀಟರ್. ಯೂರೋಪು, ಆಫ್ರಿಕಾ, ಏಷ್ಯಾ ಎಂಬ ಮೂರು ಖಂಡಗಳೂ ಇದರ ದಡದಲ್ಲಿ ಕಲೆಯುತ್ತವೆ. ಫಿನೀಷಿಯರು, ಗ್ರೀಕರು, ರೋಮನರು, ಅರಬರು, ವೆನಿಸಿನ ವರ್ತಕರು, ತುರ್ಕರು ಎಲ್ಲರೂ ಈ ನೀರಿನ ಮೇಲೆಯೇ ತಮ್ಮ ಭಾಗ್ಯವನ್ನು ಹುಡುಕಿದರು. ಪುರಾತನ ನಗರಗಳ ರೇವುಗಳು ಒಂದಕ್ಕೊಂದು ಒಂದೇ ರಾತ್ರಿಯ ಪ್ರಯಾಣದಷ್ಟು ಸಮೀಪದಲ್ಲಿರುವುದೇ ಈ ಸಮುದ್ರದ ವಿಶೇಷ. ಇಲ್ಲಿ ನೌಕಾವಿಹಾರವು ಬೇರೂರಿದುದಕ್ಕೂ ಅದೇ ಕಾರಣ.

ಕೇವಲ ವಿಹಾರಕ್ಕೆಂದೇ ಜನರನ್ನು ಹಡಗಿನಲ್ಲಿ ಸುತ್ತಿಸಿ ತರುವ ಪದ್ಧತಿಯು ತೀರ ಹಳೆಯದೇನೂ ಅಲ್ಲ. ಚಳಿಗಾಲದಲ್ಲಿ ಅಟ್ಲಾಂಟಿಕ್ ಮಹಾಸಾಗರವನ್ನು ದಾಟುವವರ ಸಂಖ್ಯೆ ಇಳಿದು ದೊಡ್ಡ ಹಡಗುಗಳು ಬರಿದಾಗಿ ನಿಲ್ಲುತ್ತಿದ್ದುವು. ಇದನ್ನು ಕಂಡು ಜರ್ಮನಿಯ ಆಲ್ಬರ್ಟ್ ಬಾಲಿನ್ ಎಂಬಾತನು 1891ನೆಯ ಇಸವಿ ಜನವರಿ 22ರಂದು ‘ಅಗಸ್ಟಾ ವಿಕ್ಟೋರಿಯಾ’ ಎಂಬ ಹಡಗಿನಲ್ಲಿ 241 ಮಂದಿ ಯಾತ್ರಿಕರನ್ನು ಕರೆದುಕೊಂಡು ಮೆಡಿಟರೇನಿಯನ್ ಸಮುದ್ರಕ್ಕೆ ಹೊರಟನು. ಆ ವಿಹಾರಕ್ಕೆ ಹಿಡಿದ ಕಾಲ ಸುಮಾರು ಎರಡು ತಿಂಗಳು. ಈಗಿನ ದೊಡ್ಡ ಹಡಗುಗಳಲ್ಲಿ ಐದಾರು ಸಾವಿರ ಜನರು ಹಿಡಿಸುತ್ತಾರೆ. ಸಾಮಾನ್ಯವಾದ ವಿಹಾರದ ಅವಧಿಯೋ ಏಳು ದಿವಸ. ಹಡಗು ದೊಡ್ಡದಾಯಿತು, ದಿನಗಳು ಕಿರಿದಾದುವು. ನಮ್ಮ ಆಸೆಯ ಪಟ್ಟಿ ಮಾತ್ರ ಸ್ವಲ್ಪವೂ ಕಿರಿದಾಗಲಿಲ್ಲ. ತೊಡಕೆಲ್ಲ ಹುಟ್ಟುವುದು ಇಲ್ಲಿಂದಲೇ.

ಈ ತೊಡಕನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ತಂದೆಯವರು ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿ ನಿವೃತ್ತರಾದವರು. ಮೂವತ್ತು ವರ್ಷಗಳ ಕಾಲ ಕಪ್ಪು ಹಲಗೆಯ ಮೇಲೆ ರೋಮಿನ ನಕಾಶೆಯನ್ನು ಬರೆದು ಅಳಿಸಿದವರು. ಅವರಿಗೆ ಎಪ್ಪತ್ತೆಂಟು ವರ್ಷವಾಗಿದ್ದಾಗ ಅವರನ್ನು ಕರೆದುಕೊಂಡು ಇಂಥದೊಂದು ಹಡಗನ್ನು ಹತ್ತಿದೆನು. ಪ್ರಯಾಣಪಟ್ಟಿಯಲ್ಲಿ ಭಾನುವಾರದ ಎದುರಿಗೆ ‘ರೋಮ್’ ಎಂದು ಅಚ್ಚಾಗಿತ್ತು. ಬೆಳಗ್ಗೆ ಇಳಿದು ನೋಡಿದರೆ ನಾವು ನಿಂತಿದ್ದುದು ಚಿವಿತಾವೆಕ್ಕಿಯಾ ಎಂಬ ರೇವಿನಲ್ಲಿ. ರೋಮ್ ನಗರವು ಅಲ್ಲಿಂದ ಸುಮಾರು 75 ಕಿಲೋಮೀಟರ್ ದೂರ. ಮೋಟಾರು ಬಸ್ಸಿನಲ್ಲಿ ಹೊರಟೆವು; ದಾರಿಯಲ್ಲಿ ವಾಹನಗಳ ಸಂದಣಿ. ಕೊಲೋಸಿಯಮ್ಮನ್ನು ಕಿಟಕಿಯಿಂದ ನೋಡಿದೆವು. ಭಾನುವಾರವಾದ ಕಾರಣ ವ್ಯಾಟಿಕನ್ನಿನ ವಸ್ತುಸಂಗ್ರಹಾಲಯವು ಮುಚ್ಚಿತ್ತು. ಮುಂದೆ ಬಾವುಟವನ್ನೆತ್ತಿ ಓಡುತ್ತಿದ್ದ ಮಾರ್ಗದರ್ಶಿಯ ಹಿಂದೆ ಓಡಲಾರದೆ ತಂದೆಯವರು ಒಂದು ಚರ್ಚಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆ ಸಂಜೆ ಹಡಗಿನ ಊಟದ ಮೇಜಿನಲ್ಲಿ ಅವರು ನನ್ನನ್ನು ಮೆಲ್ಲಗೆ ಕೇಳಿದರು: “ಈ ದಿನ ನಾವು ರೋಮಿಗೆ ಹೋಗಿದ್ದೆವೇನಪ್ಪ?” ಅವರು ಹಾಸ್ಯಕ್ಕೆ ಕೇಳಿದುದಲ್ಲ. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ತಪ್ಪು ಹಡಗಿನವರದಲ್ಲ, ಮಾರ್ಗದರ್ಶಿಯದೂ ಅಲ್ಲ. ಪಟ್ಟಿಯನ್ನು ಓದಿ, ಅದರ ಹಿಂದಿನ ಲೆಕ್ಕವನ್ನು ಮಾಡದಿದ್ದ ನನ್ನದು.

ಆದುದರಿಂದ ಮೊದಲನೆಯದಾಗಿ ತಿಳಿಯತಕ್ಕ ಸಂಗತಿಯೇನೆಂದರೆ, ಹಡಗು ನಮ್ಮನ್ನು ಮುಟ್ಟಿಸುವುದು ರೇವಿಗೆ, ಊರಿಗಲ್ಲ. ಪ್ರಯಾಣಪಟ್ಟಿಯಲ್ಲಿ ಪ್ರಸಿದ್ಧವಾದ ಊರಿನ ಹೆಸರು ದಪ್ಪಕ್ಷರದಲ್ಲಿರುತ್ತದೆ. ರೇವಿನ ಹೆಸರು ಅದರ ಪಕ್ಕದಲ್ಲಿ ಸಣ್ಣದಾಗಿ ಇರುತ್ತದೆ. ನಾವು ಓದಬೇಕಾದುದು ಆ ಸಣ್ಣಕ್ಷರವನ್ನು. ‘ಫ್ಲಾರೆನ್ಸ್’ ಎಂದಿದ್ದರೆ ಹಡಗು ನಿಲ್ಲುವುದು ಸಾಮಾನ್ಯವಾಗಿ ಲಿವೋರ್ನೋ ಎಂಬಲ್ಲಿ. ಫ್ಲಾರೆನ್ಸಿಗೆ ಅಲ್ಲಿಂದ ಸುಮಾರು 90 ಕಿಲೋಮೀಟರ್. ಓರೆಗೋಪುರದ ಪೀಸಾ ನಗರವಾದರೋ ಅದೇ ರೇವಿನಿಂದ ರೈಲಿನಲ್ಲಿ ಕಾಲುಗಂಟೆಯ ಹಾದಿ. ‘ಅಥೆನ್ಸ್’ ಎಂದರೆ ಪಿರೇಯಸ್. ನಗರದ ನಡುವಿಗೆ ಹತ್ತು ಕಿಲೋಮೀಟರಿನಷ್ಟು ದೂರ, ನಗರ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಸೇರಬಹುದು. ‘ಎಫೆಸಸ್’ ಎಂದರೆ ತುರ್ಕಿಯ ಕುಶಾದಾಸಿ ಎಂಬ ರೇವು. ಪುರಾತನ ನಗರದ ಅವಶೇಷಗಳು ಅಲ್ಲಿಂದ ಇಪ್ಪತ್ತು ಕಿಲೋಮೀಟರಿನ ಒಳಗಿವೆ. ಒಂದಾನೊಂದು ಕಾಲದಲ್ಲಿ ಎಫೆಸಸ್ ತಾನೇ ದೊಡ್ಡ ರೇವುಪಟ್ಟಣವಾಗಿತ್ತು. ನದಿಯು ತಂದು ಸುರಿದ ಹೂಳಿನಿಂದ ಬಂದರು ತುಂಬಿಹೋಗಿ ಸಮುದ್ರವು ಹಲವು ಕಿಲೋಮೀಟರ್ ಹಿಂದಕ್ಕೆ ಸರಿಯಿತು. ರೇವು ಬೇರೆ, ಊರು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇದಕ್ಕೆ ವಿರುದ್ಧವಾಗಿ, ಹಡಗಿನ ಏಣಿಯನ್ನಿಳಿದರೆ ಊರೊಳಗೇ ಕಾಲಿಡಬಹುದಾದ ರೇವುಗಳೂ ಉಂಟು. ಇಟಲಿಯ ನೇಪಲ್ಸಿನಲ್ಲಿ ಹಡಗುಕಟ್ಟೆಯ ಎದುರಿಗೇ ಹಳೆಯ ಕೋಟೆ ನಿಂತಿದೆ. 1566ರಲ್ಲಿ ಅಸ್ತಿಭಾರ ಹಾಕಿದ ಮಾಲ್ಟಾ ದ್ವೀಪದ ವಲೆಟ್ಟಾ ನಗರಕ್ಕೆ ಹಡಗು ಕೋಟೆಗೋಡೆಗಳ ನಡುವೆಯೇ ಪ್ರವೇಶಿಸುತ್ತದೆ. ಕಟ್ಟೆಯಿಂದ ಮೇಲಿನ ಊರಿಗೆ ಏರಲು 2012ರಿಂದ 58 ಮೀಟರ್ ಎತ್ತರದ ಲಿಫ್ಟೊಂದಿದೆ. ಬಾರ್ಸಿಲೋನಾದಲ್ಲಿಯೂ ರೇವಿನಿಂದ ಒಂದು ಬಸ್ಸು ಹತ್ತಿದರೆ ನಗರದ ಹೃದಯಭಾಗಕ್ಕೆ ಬಂದಂತೆಯೇ. ವೃದ್ಧರೊಡನೆ ಹೋಗುವವರು ಇಂತಹ ರೇವುಗಳು ಹೆಚ್ಚಾಗಿರುವ ಹಡಗನ್ನು ಆರಿಸುವುದು ವಿವೇಕ. ಕಡಿಮೆ ದರದ ಟಿಕೀಟಿಗಿಂತ ಹತ್ತಿರದ ರೇವು ಮೇಲು.

ಎರಡನೆಯದು ಗಂಟೆಗಳ ಲೆಕ್ಕ. ಹಡಗು ಬೆಳಗ್ಗೆ 7 ಗಂಟೆಗೆ ಬಂದು ಸಂಜೆ 7ಕ್ಕೆ ಹೊರಡುತ್ತದೆಂದರೆ ನಮಗೆ ಹನ್ನೆರಡು ಗಂಟೆಗಳಿವೆ ಎಂದು ಭಾವಿಸುವುದು ಸಹಜ. ಆದರೆ ಇಳಿಯಲು ಅಪ್ಪಣೆ ದೊರೆತು ಸಾಲಿನಲ್ಲಿ ಹೊರಬರುವ ವೇಳೆಗೆ 8 ಆಗುತ್ತದೆ. ಹಡಗು ಹೊರಡುವುದಕ್ಕೆ ಅರ್ಧ ಗಂಟೆ, ಕೆಲವೆಡೆ ಒಂದು ಗಂಟೆ ಮೊದಲೇ ಎಲ್ಲರೂ ಮೇಲಿರಬೇಕೆಂಬುದು ನಿಯಮ. ನಮ್ಮ ಎಚ್ಚರಿಕೆಗೆ ಇನ್ನೊಂದು ಗಂಟೆಯನ್ನಿಟ್ಟುಕೊಂಡು ಐದೂವರೆಗೆ ಹಿಂದಿರುಗಬೇಕೆಂದು ಗೊತ್ತುಮಾಡಿಕೊಳ್ಳೋಣ. ಉಳಿದುದು ಒಂಬತ್ತೂವರೆ ಗಂಟೆ. ರೋಮಿನ ವಿಷಯದಲ್ಲಿ ರೇವಿನ ಬಸ್ಸು, ರೈಲು, ನಗರದೊಳಗಿನ ವಾಹನ ಎಲ್ಲ ಸೇರಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಊಟಕ್ಕೂ ವಿಶ್ರಾಂತಿಗೂ ಒಂದು ಗಂಟೆ. ಕೈಯಲ್ಲಿ ನಿಲ್ಲುವುದು ನಾಲ್ಕೂವರೆ ಗಂಟೆ! ಎರಡು ಸಾವಿರದ ಏಳುನೂರು ವರ್ಷಗಳ ನಗರಕ್ಕೆ ನಾಲ್ಕೂವರೆ ಗಂಟೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಹಣಕ್ಕೆ ಹೇಗೋ ಹೊತ್ತಿಗೂ ಹಾಗೆಯೇ ಸಲ್ಲುತ್ತದೆ. ಇಷ್ಟು ಅವಧಿಯಲ್ಲಿ ಒಂದನ್ನು ಚೆನ್ನಾಗಿ ನೋಡಬಹುದು, ಇನ್ನೊಂದನ್ನು ಹೊರಗಿನಿಂದ ನೋಡಬಹುದು. ಆರನ್ನು ನೋಡಹೊರಟವನು ಬಸ್ಸನ್ನು ಮಾತ್ರ ನೋಡಿ ಬರುತ್ತಾನೆ.

ಹೊತ್ತಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಇಟಲಿಗಿಂತ ಗ್ರೀಸಿನ ಗಡಿಯಾರವು ಒಂದು ಗಂಟೆ ಮುಂದಿದೆ. ಹಡಗಿನವರು ತಮ್ಮ ಗಡಿಯಾರವನ್ನು ಪ್ರತಿಯೊಂದು ದೇಶಕ್ಕೂ ಬದಲಾಯಿಸಿಯೇ ತೀರುತ್ತಾರೆಂದು ಹೇಳಲಾಗದು. ನಮ್ಮ ಜೇಬಿನ ಮೊಬೈಲ್ ಫೋನಾದರೋ ದಡ ಸೋಕಿದೊಡನೆ ತಾನಾಗಿ ಸ್ಥಳೀಯ ಕಾಲಕ್ಕೆ ತಿರುಗಿಬಿಡುತ್ತದೆ. ಹಡಗಿನ ಕಾಲವನ್ನು ತೋರಿಸುವ ಕೈಗಡಿಯಾರವೊಂದನ್ನು ಕಟ್ಟಿಕೊಳ್ಳುವುದು ಹಳೆಯ ಕ್ರಮ. ಈಗಲೂ ಅದೇ ಒಳ್ಳೆಯ ಕ್ರಮ.

ಮೂರನೆಯದು ವಾರದ ಲೆಕ್ಕ. ಯಾವ ರೇವಿಗೆ ಯಾವ ವಾರದಂದು ಹೋಗುತ್ತೇವೆಂಬುದನ್ನು ಟಿಕೀಟು ಕೊಳ್ಳುವುದಕ್ಕೆ ಮೊದಲೇ ನೋಡತಕ್ಕದ್ದು. ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ಭಾನುವಾರ ರಜೆ. ತಿಂಗಳ ಕಡೆಯ ಭಾನುವಾರ ಮಾತ್ರ ತೆರೆದಿರುತ್ತದೆ. ಫ್ಲಾರೆನ್ಸಿನ ಉಫಿಜಿ ಚಿತ್ರಶಾಲೆಯೂ, ಮೈಕೆಲ್ಯಾಂಜೆಲೋ ಕೆತ್ತಿದ ಡೇವಿಡ್ ವಿಗ್ರಹವಿರುವ ಅಕಾಡೆಮಿಯೂ ಸೋಮವಾರ ಮುಚ್ಚಿರುತ್ತವೆ. ನೇಪಲ್ಸಿನ ಪುರಾತತ್ತ್ವ ಸಂಗ್ರಹಾಲಯಕ್ಕೆ ಮಂಗಳವಾರ ರಜೆ. ಹಡಗು ಸೋಮವಾರ ಲಿವೋರ್ನೋ ಸೇರುವುದಾದರೆ ಡೇವಿಡ್‌ನನ್ನು ನೋಡುವ ಆಸೆಯನ್ನು ಅಂದಿಗೆ ಬಿಟ್ಟು, ಪೀಸಾಕ್ಕೆ ಹೋಗಿ ನೆಮ್ಮದಿಯಿಂದ ಮರಳುವುದು ಲೇಸು.

ಇದರೊಡನೆ ಪ್ರವೇಶದ ಮಿತಿಗಳನ್ನೂ ಗಮನಿಸಬೇಕು. ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟಕ್ಕೆ 2023ರ ಸೆಪ್ಟೆಂಬರಿನಿಂದ ದಿವಸಕ್ಕೆ 20,000 ಜನರೆಂದು ಮಿತಿಯಿಟ್ಟು, ಗಂಟೆಗಂಟೆಗೆ ಇಷ್ಟು ಮಂದಿಯೆಂದು ಚೀಟಿ ಕೊಡುವ ಕ್ರಮ ಬಂದಿತು. ಕ್ರಿಸ್ತಪೂರ್ವ 447ರಲ್ಲಿ ಕಟ್ಟಲಾರಂಭಿಸಿದ ಪಾರ್ಥೆನಾನ್ ದೇಗುಲವನ್ನು ನೋಡುವುದಕ್ಕೆ ಈಗ ಚೀಟಿಯಲ್ಲಿ ನಮೂದಿಸಿದ ಹೊತ್ತಿಗೇ ಹೋಗಬೇಕು. ಪಾಂಪೆಯಲ್ಲಿಯೂ 2024ರ ನವೆಂಬರಿನಿಂದ ಅದೇ ಸಂಖ್ಯೆಯ ಮಿತಿಯನ್ನಿಟ್ಟು, ಚೀಟಿಯ ಮೇಲೆ ಯಾತ್ರಿಕನ ಹೆಸರನ್ನು ಬರೆಯತೊಡಗಿದರು. ಹಡಗಿನಿಂದಿಳಿದ ಮೇಲೆ ಹೋಗಿ ಸಾಲಿನಲ್ಲಿ ನಿಂತರಾಯಿತು ಎಂಬ ಕಾಲವು ಕಳೆಯಿತು. ಮನೆಯಲ್ಲಿರುವಾಗಲೇ ಚೀಟಿ ಕೊಂಡು, ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ನೋಡಿಕೊಳ್ಳಬೇಕು.

ದಡದ ಸಂಚಾರವನ್ನು ಹಡಗಿನವರ ಮೂಲಕ ಮಾಡಬೇಕೆ, ನಾವಾಗಿ ಮಾಡಬೇಕೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಎರಡರಲ್ಲಿಯೂ ಗುಣದೋಷಗಳಿವೆ. ಹಡಗಿನವರ ಸಂಚಾರಕ್ಕೆ ಹಣ ಹೆಚ್ಚು. ನಲವತ್ತು ಮಂದಿಯ ಗುಂಪಿನಲ್ಲಿ ಅತ್ಯಂತ ನಿಧಾನದವನಿಗಾಗಿ ಎಲ್ಲರೂ ಕಾಯಬೇಕು, ಇಲ್ಲವೇ ಅವನು ನಮ್ಮ ತಂದೆಯವರಂತೆ ಹಿಂದುಳಿಯಬೇಕು. ಆದರೆ ಆ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಅಥವಾ ಮುಂದಿನ ರೇವಿಗೆ ತಲಪಿಸುವ ಹೊಣೆಯನ್ನು ಹಡಗಿನವರೇ ಹೊರುತ್ತಾರೆ. ನಾವಾಗಿ ಹೋದರೆ ಖರ್ಚು ಕಡಿಮೆ, ಸ್ವಾತಂತ್ರ್ಯ ಹೆಚ್ಚು. ತಡವಾದರೆ ಮಾತ್ರ ಹಡಗು ಹೊರಟುಹೋಗುತ್ತದೆ. ಅದು ಯಾರಿಗೂ ನಿಲ್ಲುವುದಿಲ್ಲ. ನನಗೆ ಯುಕ್ತವಾಗಿ ತೋರುವ ಸೂತ್ರವಿದು: ದೂರವಾದಲ್ಲಿ ಹಡಗಿನವರ ಸಂಗಡ, ಹತ್ತಿರವಾದಲ್ಲಿ ನಮ್ಮ ಕಾಲಿನ ಸಂಗಡ. ರೋಮ್, ಫ್ಲಾರೆನ್ಸುಗಳಿಗೆ ಮೊದಲನೆಯದು. ನೇಪಲ್ಸ್, ವಲೆಟ್ಟಾ, ಬಾರ್ಸಿಲೋನಾಗಳಿಗೆ ಎರಡನೆಯದು. ನಾವಾಗಿ ಇಳಿಯುವಾಗ ಪಾಸ್‌ಪೋರ್ಟನ್ನು, ಅದು ಹಡಗಿನವರ ಬಳಿ ಇದ್ದರೆ ಅದರ ಪ್ರತಿಯನ್ನು, ಎರಡು ದಿವಸದ ಔಷಧಿಯನ್ನು, ಆ ರೇವಿನಲ್ಲಿ ಹಡಗಿನ ಕಾರ್ಯನಿರ್ವಾಹಕನಾದ ಏಜೆಂಟನ ದೂರವಾಣಿ ಸಂಖ್ಯೆಯನ್ನು ಜೇಬಿನಲ್ಲಿಟ್ಟುಕೊಂಡಿರಬೇಕು. ಹಡಗಿನಲ್ಲಿ ದಿನವೂ ಕೊಡುವ ಕಾರ್ಯಕ್ರಮಪತ್ರದಲ್ಲಿ ಈ ಸಂಖ್ಯೆಯನ್ನು ಹುಡುಕಬಹುದು. ಅಲ್ಲಿಲ್ಲದಿದ್ದರೆ ಹಡಗಿನ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಬೇಕು.

ಕೆಲವು ರೇವುಗಳಲ್ಲಿ ಹಡಗು ಕಟ್ಟೆಗೆ ಬರುವುದೇ ಇಲ್ಲ. ನಡುನೀರಿನಲ್ಲಿ ನಿಂತು ಯಾತ್ರಿಕರನ್ನು ಕಿರುದೋಣಿಗಳಲ್ಲಿ ದಡಕ್ಕೆ ಕಳುಹಿಸುತ್ತದೆ. ಗ್ರೀಸಿನ ಸಾಂಟೊರಿನಿ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಮೂರುವರೆ ಸಾವಿರ ವರ್ಷಗಳಿಗೂ ಹಿಂದೆ ಅಗ್ನಿಪರ್ವತವು ಸಿಡಿದು ಕುಸಿದ ಕುಂಡವೇ ಅಲ್ಲಿನ ಬಂದರು. ಸುತ್ತಲೂ ಕಡಿದಾದ ಬಂಡೆ. ಊರು ಬಂಡೆಯ ನೆತ್ತಿಯ ಮೇಲೆ. ಹಳೆಯ ರೇವಿನಿಂದ ಮೇಲಕ್ಕೆ ಏರಲು ಆರುನೂರಕ್ಕೆ ಸಮೀಪವಾದಷ್ಟು ಮೆಟ್ಟಿಲುಗಳಿವೆ, ಹೇಸರಗತ್ತೆಗಳಿವೆ, ತಂತಿಯ ಮೇಲೆ ಸಾಗುವ ತೊಟ್ಟಿಲಿದೆ. ಮೂರು ಹಡಗುಗಳು ಒಟ್ಟಿಗೆ ಬಂದ ದಿವಸ ತೊಟ್ಟಿಲಿನ ಸಾಲು ಗಂಟೆಗಟ್ಟಲೆ ಬೆಳೆಯುತ್ತದೆ. ಇಂತಹ ಕಡೆ ಮಂಡಿನೋವಿನವರು ಹಡಗಿನ ಮೇಲ್ಮಾಳಿಗೆಯಲ್ಲಿ ಕುಳಿತು ಆ ಬಂಡೆಗಳ ಬಣ್ಣ ಬದಲಾಗುವುದನ್ನು ನೋಡಿದರೂ ಅದು ನೋಡದೆ ಬಂದಂತಲ್ಲ. ಇಳಿಯದೆ ಇರುವುದೂ ಒಂದು ಯೋಜನೆಯೇ.

ಇನ್ನು ಕಾಗದಪತ್ರಗಳ ವಿಷಯ. ಭಾರತದ ಪಾಸ್‌ಪೋರ್ಟುಳ್ಳವರು ಇಟಲಿ, ಫ್ರಾನ್ಸ್, ಸ್ಪೇನ್, ಗ್ರೀಸ್, ಮಾಲ್ಟಾಗಳಿಗೆ ಹೋಗಲು ಷೆಂಗೆನ್ ವೀಸಾ ಪಡೆಯಬೇಕು. ಕ್ರೊಯೇಷಿಯಾ ದೇಶವೂ 2023ರ ಜನವರಿಯಲ್ಲಿ ಈ ಒಕ್ಕೂಟಕ್ಕೆ ಸೇರಿತು. ತುರ್ಕಿ ಮತ್ತು ಮಾಂಟೆನೆಗ್ರೊಗಳು ಇದರ ಹೊರಗಿವೆ. ಗ್ರೀಸಿನಿಂದ ಹೊರಟ ಹಡಗು ತುರ್ಕಿಯ ಕುಶಾದಾಸಿಗೆ ಹೋಗಿ ಮತ್ತೆ ಗ್ರೀಸಿಗೆ ಬಂದರೆ, ಒಕ್ಕೂಟದಿಂದ ಹೊರಹೋಗಿ ಎರಡನೆಯ ಸಲ ಒಳಹೊಕ್ಕಂತಾಗುತ್ತದೆ. ಆದಕಾರಣ ಒಂದೇ ಪ್ರವೇಶಕ್ಕೆ ಅನುಮತಿಯಿರುವ ವೀಸಾ ಸಾಲದು, ಹಲವು ಪ್ರವೇಶಗಳ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ತಡಮಾಡಕೂಡದು. ಹೆಚ್ಚು ದಿನ ಇರುವ ದೇಶದ ಕಚೇರಿಗೆ, ಎಲ್ಲ ದೇಶಗಳಲ್ಲಿಯೂ ಸಮನಾಗಿದ್ದರೆ ಮೊದಲು ಪ್ರವೇಶಿಸುವ ದೇಶದ ಕಚೇರಿಗೆ ಅರ್ಜಿ ಸಲ್ಲಬೇಕು. 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯೂ ಅವಶ್ಯಕ. ತುರ್ಕಿಗೆ ಬೇಕಾದ ಅನುಮತಿಯನ್ನು ಹಡಗಿನವರನ್ನೂ ಆ ದೇಶದ ದೂತಾವಾಸವನ್ನೂ ಬೇರೆಯಾಗಿ ವಿಚಾರಿಸಿಕೊಳ್ಳಬೇಕು. ಯಾವುದಾದರೂ ಒಂದು ಕಾಗದ ಕಡಿಮೆಯಾದರೆ ಹಡಗಿನ ಬಾಗಿಲಿನಲ್ಲಿಯೇ ತಡೆಯುತ್ತಾರೆ. ಕೊಟ್ಟ ಹಣ ಹಿಂದಕ್ಕೆ ಬರುವುದು ಕಷ್ಟ. ವಿಮಾನವು ತಡವಾದೀತೆಂಬುದನ್ನು ನೆನೆದು ಹಡಗು ಹೊರಡುವ ಊರಿಗೆ ಒಂದು ದಿವಸ ಮುಂಚಿತವಾಗಿಯೇ ತಲಪುವುದು ಕ್ಷೇಮ.

ಕಾಲವನ್ನು ಕುರಿತು ಹೇಳುವುದಾದರೆ, ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಹಿತವಾಗಿರುತ್ತವೆ. ಜುಲೈ, ಆಗಸ್ಟುಗಳ ಬಿಸಿಲು ನಮ್ಮ ಮೈಸೂರು ಬೆಂಗಳೂರಿನವರು ಬಲ್ಲ ಬಿಸಿಲಲ್ಲ. ಈಚಿನ ವರ್ಷಗಳ ಬೇಸಗೆಯಲ್ಲಿ ಅಕ್ರೊಪೊಲಿಸನ್ನು ನಡುಹಗಲಿನಲ್ಲಿ ಮುಚ್ಚಬೇಕಾದ ದಿವಸಗಳೂ ಬಂದುವು. ಸಸ್ಯಾಹಾರಿಗಳು ತಮ್ಮ ನಿಯಮವನ್ನು ಟಿಕೀಟು ಕೊಳ್ಳುವಾಗಲೇ ಬರೆದು ತಿಳಿಸಿದರೆ ಹಡಗಿನಲ್ಲಿ ತೊಂದರೆಯಾಗದು. ದೊಡ್ಡ ಚರ್ಚುಗಳಿಗೆ ಹೋಗುವವರು ಭುಜವೂ ಮಂಡಿಯೂ ಮುಚ್ಚುವ ಉಡುಪನ್ನು ಧರಿಸಬೇಕು; ಸೀರೆಯುಟ್ಟವರಿಗೆ ಈ ಚಿಂತೆ ಇಲ್ಲ. ಟಿಕೀಟಿನ ದರದ ಮೇಲೆ ದಿನವಹಿ ಸೇವಾಶುಲ್ಕ, ಪಾನೀಯ, ದಡದ ಸಂಚಾರ ಮುಂತಾದುವು ಬೇರೆಯಾಗಿ ಸೇರುವುದರಿಂದ ಒಟ್ಟು ವೆಚ್ಚವೆಷ್ಟೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಯೋಜಿಸಿದಾಗ್ಗೂ ಒಂದೊಂದು ರೇವು ತಪ್ಪಿಹೋಗುವ ಸಂಭವವುಂಟು. ಗಾಳಿ ಹೆಚ್ಚಾದರೆ ಕಿರುದೋಣಿಗಳು ಓಡವು. ರಾಜಕೀಯ ಕಾರಣಗಳಿಂದಲೂ ರೇವು ಬದಲಾಗಬಹುದು. ಹಡಗಿನವರ ಒಪ್ಪಂದಪತ್ರದಲ್ಲಿ ಹೀಗೆ ಬದಲಾಯಿಸುವ ಹಕ್ಕನ್ನು ಅವರು ಉಳಿಸಿಕೊಂಡೇ ಇರುತ್ತಾರೆ. ನಮ್ಮವರಿಗೆ ಸಂಬಂಧಪಟ್ಟ ಒಂದು ಉದಾಹರಣೆಯನ್ನು ಹೇಳುತ್ತೇನೆ. ಈ ಸಮುದ್ರದ ಪೂರ್ವತೀರದಲ್ಲಿರುವ ಹೈಫಾ ರೇವನ್ನು 1918ನೆಯ ಇಸವಿ ಸೆಪ್ಟೆಂಬರ್ 23ರಂದು ತುರ್ಕರ ಸೇನೆಯಿಂದ ಗೆದ್ದವರಲ್ಲಿ ಜೋಧಪುರದ ರಾವುತರೊಡನೆ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಆ ದಳದ ಸ್ಮಾರಕವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಹೈಫಾದಲ್ಲಿಯೂ ಭಾರತೀಯ ಯೋಧರ ಸಮಾಧಿಸ್ಥಳವಿದೆ. ಅದನ್ನು ನೋಡಬೇಕೆಂದಿದ್ದ ಯಾತ್ರಿಕರಿಗೆ 2023ರ ಅಕ್ಟೋಬರಿನಲ್ಲಿ ಯುದ್ಧವು ಆರಂಭವಾದೊಡನೆ ನಿರಾಶೆಯಾಯಿತು. ವಿಹಾರದ ಹಡಗುಗಳು ಆ ರೇವನ್ನು ಪಟ್ಟಿಯಿಂದ ತೆಗೆದುಬಿಟ್ಟುವು. ಯಾವುದೋ ಒಂದೇ ಸ್ಥಳಕ್ಕಾಗಿ ಹಂಬಲಿಸುವವರು ಹಡಗನ್ನು ನಂಬದೆ ನೇರವಾಗಿ ಅಲ್ಲಿಗೇ ಹೋಗುವುದು ಮೇಲು.

ಇದುವರೆಗೆ ಯಾತ್ರಿಕನ ಪಕ್ಷವನ್ನು ಹೇಳಿದುದಾಯಿತು. ಊರಿನವರ ಪಕ್ಷವೂ ಒಂದಿದೆ. ಹಡಗಿನಿಂದಿಳಿದವನು ಊಟವನ್ನು ಹಡಗಿನಲ್ಲೇ ಮಾಡುತ್ತಾನೆ, ರಾತ್ರಿ ಹಡಗಿನಲ್ಲೇ ಮಲಗುತ್ತಾನೆ. ಬೀದಿಯ ಇಕ್ಕಟ್ಟನ್ನು ಮಾತ್ರ ಊರಿಗೆ ಬಿಟ್ಟುಹೋಗುತ್ತಾನೆ. ಇದರಿಂದ ಬೇಸತ್ತ ನಗರಗಳು ಒಂದೊಂದಾಗಿ ಬಾಗಿಲನ್ನು ಕಿರಿದುಮಾಡಿಕೊಳ್ಳುತ್ತಿವೆ. 25,000 ಟನ್ನಿಗಿಂತ ದೊಡ್ಡ ಹಡಗುಗಳು ಸಂತ ಮಾರ್ಕನ ಚೌಕದ ಮುಂದೆ ಹಾದುಹೋಗದಂತೆ ವೆನಿಸಿನಲ್ಲಿ 2021ರ ಆಗಸ್ಟಿನಿಂದ ನಿಷೇಧ ಬಂದಿತು. ಸಾಂಟೊರಿನಿಯಲ್ಲಿ 2025ರಿಂದ ಹಡಗಿನ ಯಾತ್ರಿಕರ ಸಂಖ್ಯೆಗೆ ದಿವಸಕ್ಕೆ 8,000 ಎಂದು ಮಿತಿ. ಆ ವರ್ಷದ ಜುಲೈಯಿಂದ ತಲೆಯೊಂದಕ್ಕೆ ಶುಲ್ಕವೂ ಉಂಟು. ಬಾರ್ಸಿಲೋನಾದಲ್ಲಿ ಏಳು ನಿಲ್ದಾಣಗಳನ್ನು 2030ರ ವೇಳೆಗೆ ಐದಕ್ಕೆ ಇಳಿಸಲು 2025ರಲ್ಲಿ ಒಪ್ಪಂದವಾಯಿತು. ಇದನ್ನು ಕಂಡು ಕೋಪಿಸಿಕೊಳ್ಳುವುದು ಸಲ್ಲದು. ನಾವು ಇಳಿದ ಊರಿನಲ್ಲಿ ಒಂದು ಹೊತ್ತಿನ ಊಟವನ್ನಾದರೂ ಮಾಡಿ, ಸ್ಥಳೀಯ ಮಾರ್ಗದರ್ಶಿಯೊಬ್ಬನಿಗೆ ಕೂಲಿ ಕೊಟ್ಟು, ಮೆಲುದನಿಯಲ್ಲಿ ಮಾತನಾಡಿ ಹಿಂದಿರುಗಿದರೆ ಅತಿಥಿಯ ಧರ್ಮವನ್ನು ನಡೆಸಿದಂತಾಗುತ್ತದೆ. ಒಂದೇ ಸ್ಥಳದಲ್ಲಿ ನಿಧಾನವಾಗಿರುವುದು ನಮಗೆ ಹೇಗೆ ಒಳ್ಳೆಯದೋ ಊರಿಗೂ ಹಾಗೆಯೇ ಒಳ್ಳೆಯದು.

ಕಡೆಯದಾಗಿ ನನ್ನ ತಂದೆಯವರ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಆ ಭಾನುವಾರದ ಅನಂತರ ಬುಧವಾರ ನಮ್ಮ ಹಡಗು ನೇಪಲ್ಸಿಗೆ ಬಂದಿತು. ಪಾಂಪೆ, ವೆಸೂವಿಯಸ್, ಕಾಪ್ರಿ ದ್ವೀಪ ಎಂದು ನಾನು ಪಟ್ಟಿ ಮಾಡಿದ್ದೆನು. ಹಿಂದಿನ ರಾತ್ರಿ ಆ ಪಟ್ಟಿಯನ್ನು ಹರಿದುಹಾಕಿ, “ನಾಳೆ ನಿಮಗೆ ನೋಡಬೇಕೆನಿಸುವುದು ಒಂದೇ ಒಂದಾದರೆ ಯಾವುದು?” ಎಂದು ಕೇಳಿದೆನು. ಅವರು ಯೋಚಿಸಲಿಲ್ಲ. ಪಾಂಪೆಯ ಮನೆಯೊಂದರಲ್ಲಿ 1938ರಲ್ಲಿ ದೊರೆತ ಭಾರತದ ದಂತದ ಗೊಂಬೆಯೆಂದರು. ಅದಿರುವ ಪುರಾತತ್ತ್ವ ಸಂಗ್ರಹಾಲಯವು ರೇವಿನಿಂದ ಎರಡು ಕಿಲೋಮೀಟರಿನಷ್ಟು ದೂರ. ಬಾಡಿಗೆಯ ಮೋಟಾರಿನಲ್ಲಿ ಹೋದೆವು.

ಗೊಂಬೆಯು ಒಂದು ಗೇಣಿಗಿಂತ ತುಸು ಹೆಚ್ಚು ಎತ್ತರವಿದೆ. ಜನರು ಅದನ್ನು ಲಕ್ಷ್ಮಿಯೆಂದು ಕರೆದರೂ ಯಕ್ಷಿಯಿರಬಹುದೆಂದು ವಿದ್ವಾಂಸರ ಅಭಿಪ್ರಾಯ. ಕೈತುಂಬ ಬಳೆ, ಕೊರಳಲ್ಲಿ ಹಾರ, ಎರಡು ಪಕ್ಕಗಳಲ್ಲಿಯೂ ಪುಟ್ಟ ಪರಿಚಾರಿಕೆಯರು. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಸಿಡಿದು ಆ ಊರನ್ನು ಹೂಳುವುದಕ್ಕೆ ಮೊದಲೇ ಅದು ನಮ್ಮ ದೇಶದಿಂದ ಅಲ್ಲಿಗೆ ಹೋಗಿತ್ತು. ತಂದೆಯವರು ಅದರ ಮುಂದೆ ನಿಂತು ನನಗೆ ಪಾಠ ಹೇಳತೊಡಗಿದರು. ಭಾರತದ ಸರಕಿಗಾಗಿ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳು ರೋಮಿನಿಂದ ಹರಿದುಹೋಗುತ್ತಿವೆಯೆಂದು ಬರೆದ ಪ್ಲಿನಿಯೂ ಅದೇ ಸಿಡಿತದಲ್ಲಿ ಮಡಿದನೆಂದರು. ಅವನು ಹಣದ ಲೆಕ್ಕ ಬರೆದ, ಸರಕು ಇಲ್ಲಿದೆ ನೋಡು, ಎಂದರು. ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದು, ಹತ್ತಿರದ ಅಂಗಡಿಯಲ್ಲಿ ಕುಳಿತು ಕಾಫಿ ಕುಡಿದು, ಎರಡು ಗಂಟೆಯ ವೇಳೆಗೆ ಹಡಗಿಗೆ ಮರಳಿದೆವು. ಪಾಂಪೆಯನ್ನು ನಾವು ನೋಡಲಿಲ್ಲ. ಅನಂತರ ತಂದೆಯವರು ಬದುಕಿದ್ದುದು ಎರಡು ವರ್ಷ. ಆ ಎರಡು ವರ್ಷ ಮನೆಗೆ ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ರೋಮಿನ ವಿಷಯವಲ್ಲ, ಆ ಗೊಂಬೆಯ ವಿಷಯ.

ಆದುದರಿಂದ, ಮಹನೀಯರೆ, ಪ್ರಯಾಣಪಟ್ಟಿಯು ಕೈಗೆ ಬಂದೊಡನೆ ಒಂದು ಹಾಳೆಯನ್ನು ತೆಗೆದುಕೊಳ್ಳಿ. ಪ್ರತಿಯೊಂದು ರೇವಿನ ಎದುರಿಗೂ ಊರಿಗಿರುವ ದೂರವನ್ನು, ಕೈಗೆ ದಕ್ಕುವ ಗಂಟೆಗಳನ್ನು, ವಾರದ ಹೆಸರನ್ನು ಬರೆಯಿರಿ. ಆಮೇಲೆ ನಿಮ್ಮ ಜೊತೆಯಲ್ಲಿ ಬರುವವರನ್ನು ಕೇಳಿ, ಪ್ರತಿಯೊಂದರ ಎದುರಿಗೂ ಒಂದೇ ಒಂದು ಸ್ಥಳವನ್ನು ಬರೆಯಿರಿ. ಆ ಹಾಳೆ ತುಂಬಿತೆಂದರೆ ಯಾತ್ರೆಯ ಸಿದ್ಧತೆಯಲ್ಲಿ ಮುಖ್ಯವಾದುದು ಮುಗಿಯಿತೆಂದೇ ತಿಳಿಯಿರಿ.